ಗ್ರೀಸ್ ಅಂಟಿದ ಪುಟಗಳು

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಆ ಹಳೆ ಪುಸ್ತಕದ ಅಂಗಡಿ ಇದೆ. ರಸ್ತೆಯಲ್ಲಿ ನಿಂತು ನೋಡಿದರೆ ಪಿಯುಸಿ ಗೈಡುಗಳು, ಪೊಲೀಸ್ ನೇಮಕಾತಿ ಪರೀಕ್ಷೆಯ ಪುಸ್ತಕಗಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಾರು, ವಿಮಾನ, ಯಂತ್ರಗಳ ಮೇಲಿನ ಹಳೆಯ ಪುಸ್ತಕಗಳು ಒಳಗಡೆ ಇವೆ ಎಂದು ಯಾರೋ ಹೇಳಿದ್ದರಿಂದ ಹೋದೆ.

ಬಾಗಿಲು ದಾಟಿದ ಕೂಡಲೇ ಎಡಕ್ಕೆ ಎಂಜಿನಿಯರಿಂಗ್ ಪಠ್ಯಗಳ ಗೋಡೆ. 1946ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಊರು ಇದು. ಥರ್ಮೊಡೈನಮಿಕ್ಸ್, ಮೆಷಿನ್ ಡಿಸೈನ್ ಪುಸ್ತಕಗಳಿಗೆ ಬರವಿಲ್ಲ. ಒಂದರ ಮೊದಲ ಪುಟದಲ್ಲಿ ಒಂದರ ಕೆಳಗೊಂದು ಹೆಸರು, ಕೊನೆಯದನ್ನು ಬಿಟ್ಟು ಎಲ್ಲಕ್ಕೂ ಗೀಟು ಎಳೆದಿತ್ತು. ಇವನ್ನು ಬೇಗ ದಾಟಿದೆ. ಪರೀಕ್ಷೆ ಮುಗಿದ ಮೇಲೆ ಯಾರೂ ಪ್ರೀತಿಯಿಂದ ಇಟ್ಟುಕೊಳ್ಳುವ ಪುಸ್ತಕಗಳಲ್ಲ ಅವು.

ನಡುವಿನ ಕೋಣೆಗೆ ಒಂದು ಮೆಟ್ಟಿಲು ಇಳಿಯಬೇಕು. ಟ್ಯೂಬ್‌ಲೈಟ್ ಒಂದೇ. ಅಲ್ಲಿ ಕಪಾಟಿನ ಕೆಳಗಿನ ಹಲಗೆಯ ಮೇಲೆ, ವಾರಪತ್ರಿಕೆಗಳ ಕಟ್ಟಿನ ಅಡಿಯಲ್ಲಿ, ನಾನು ಹುಡುಕುತ್ತಿದ್ದದ್ದು ಸಿಕ್ಕಿತು: ಜಾವಾ 250 ಮೋಟಾರ್‌ಸೈಕಲ್ಲಿನ ಕೈಪಿಡಿ. ರಟ್ಟು ಇಲ್ಲ, ಮುದ್ರಣದ ವರ್ಷವಿರುವ ಪುಟವೂ ಹರಿದಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಈ ಗಾಡಿಗಳನ್ನು ಕಟ್ಟತೊಡಗಿತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. 1996ರಲ್ಲಿ ಬಾಗಿಲು ಮುಚ್ಚಿತು.

ಕೈಪಿಡಿಯಲ್ಲಿ ಕಿಕ್ ಹೊಡೆಯುವ ಸನ್ನೆಯ ಚಿತ್ರವಿದ್ದ ಪುಟವನ್ನು ಬಹಳ ಹೊತ್ತು ನೋಡಿದೆ. ಜಾವಾದಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಲ್ಲ. ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಎಂಜಿನ್ ಹೊತ್ತಿಕೊಂಡ ಮೇಲೆ ಮಡಚಿಟ್ಟರೆ ಅದೇ ಗೇರ್. ಗೇರ್ ಒತ್ತಿದಾಗ ಕ್ಲಚ್ ತಾನಾಗಿ ಬಿಟ್ಟುಕೊಡುವ ಏರ್ಪಾಟೂ ಉಂಟು. ಒಂದೇ ಕಬ್ಬಿಣದ ತುಂಡಿಗೆ ಎರಡು ಕೆಲಸ ಕೊಟ್ಟ ಆ ವಿನ್ಯಾಸಕಾರನ ತಲೆಯನ್ನು ಮೆಚ್ಚದೆ ಇರಲಾಗಲಿಲ್ಲ. ಪುಟದ ಮೂಲೆಯಲ್ಲಿ ಗ್ರೀಸ್ ಅಂಟಿದ ಹೆಬ್ಬೆರಳಿನ ಗುರುತು. ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ, ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂಬ ಲೆಕ್ಕ. ಕಾರ್ಖಾನೆಯವರು ಬರೆದದ್ದೋ, ಮೆಕ್ಯಾನಿಕ್ ಬರೆದದ್ದೋ, ಹೇಳುವುದು ಕಷ್ಟ. ನನ್ನ ಮಟ್ಟಿಗೆ ಇಡೀ ಅಂಗಡಿಯಲ್ಲಿ ಇದಕ್ಕಿಂತ ಬೆಲೆಯುಳ್ಳ ಪುಟ ಇರಲಿಲ್ಲ.

ಎದುರಿನ ಕಪಾಟಿನಲ್ಲಿ ವಿಮಾನಗಳು. ಜೇಬಿನಲ್ಲಿ ಹಿಡಿಸುವಂಥ ಇಂಗ್ಲಿಷ್ ಗುರುತು-ಪುಸ್ತಕಗಳು, ಎರಡನೇ ಮಹಾಯುದ್ಧದ ಚಿತ್ರಸಂಪುಟಗಳು. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ಎಚ್‌ಎಫ್-24 ಮಾರುತ್ ಬಗ್ಗೆ ಏನಾದರೂ ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು 1973ರಲ್ಲಿ ಮೈಸೂರಿನಲ್ಲೇ ಇಂಗ್ಲಿಷ್ ಅನುವಾದದೊಡನೆ ಅಚ್ಚಾದ 'ವೈಮಾನಿಕ ಶಾಸ್ತ್ರ'. ಭರದ್ವಾಜರದೆಂದು ಹೇಳುವ ಈ ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ನಕ್ಷೆಗಳಿವೆ. ರುಕ್ಮವಂತೂ ದೇವಸ್ಥಾನದ ಗೋಪುರದ ಹಾಗೆ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಹೋಗುತ್ತದೆ. ನಕ್ಷೆಗಳ ರೇಖೆ ಬಲು ಅಚ್ಚುಕಟ್ಟು, ತಾಂತ್ರಿಕ ಚಿತ್ರ ಬರೆದು ಪಳಗಿದ ಕೈಯದು. ಅವನ್ನು 1923ರಲ್ಲಿ ಬೆಂಗಳೂರಿನ ಡ್ರಾಫ್ಟ್ಸ್‌ಮನ್ ಒಬ್ಬರು ಬರೆದುಕೊಟ್ಟರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅಧ್ಯಯನ ಮಾಡಿ, ಇವು ಹಾರಲಾರವು, ಗ್ರಂಥವೂ ಇಪ್ಪತ್ತನೇ ಶತಮಾನದ್ದೇ ಎಂದು ತೋರಿಸಿದರು. ಆ ತೀರ್ಮಾನವನ್ನು ನಾನು ಒಪ್ಪುತ್ತೇನೆ. ಆದರೂ ಪುಸ್ತಕವನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಹಾರಾಟದ ಬಗ್ಗೆ ಈ ನಾಡಿನವರು ಏನನ್ನು ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಅದು ದಾಖಲೆ.

ಕೊನೆಗೆ ಮರದ ಏಣಿ ಹತ್ತಿ ಅಟ್ಟಕ್ಕೆ. ಹಳೆಯ ಯೂರೋಪಿಯನ್ ಕಾರುಗಳ ದಪ್ಪ ಸಂಪುಟಗಳು ಇದ್ದವು. ಬಣ್ಣ ಚೆನ್ನಾಗಿದೆ, ಓದಲು ಹೆಚ್ಚೇನಿಲ್ಲ. ಅವುಗಳ ನಡುವೆ ಸರ್ ಎಂ. ವಿಶ್ವೇಶ್ವರಯ್ಯನವರ 1951ರ ಆತ್ಮಕಥನ. ಭಾರತದಲ್ಲೇ ಕಾರು ತಯಾರಿಸಬೇಕೆಂದು ಅವರು 1930ರ ದಶಕದಲ್ಲೇ ಯೋಜನೆ ಹಾಕಿ, ವಿದೇಶ ಸುತ್ತಿ ಬಂದಿದ್ದರು. ಮೈಸೂರು ಸಂಸ್ಥಾನದಲ್ಲಿ ಆ ಕಾರ್ಖಾನೆ ಏಳಲಿಲ್ಲ. ಅಟ್ಟದ ಧೂಳಿನಲ್ಲಿ ಆ ಪುಸ್ತಕ ಹಿಡಿದು ನಿಂತಾಗ ನಿಜಕ್ಕೂ ಬೇಸರವಾಯಿತು.

ಇಳಿದು ಬಂದು ಯಜಮಾನರನ್ನು ಕೇಳಿದೆ, ಜಾವಾ ಕಾರ್ಖಾನೆಯ ಬೇರೆ ಕಾಗದಪತ್ರ ಬರುವುದುಂಟೇ ಎಂದು. "ಬರ್ತಿತ್ತು ಸಾರ್. ಈಗ ಮನೆ ಖಾಲಿ ಮಾಡುವಾಗ ಎಲ್ಲಾ ಗುಜರಿಗೇ ಹೋಗ್ತದೆ. ನಮ್ಮ ತನಕ ಬರೋದೇ ಇಲ್ಲ" ಎಂದರು.

ಕಪಾಟುಗಳಲ್ಲಿ ಇಂಗ್ಲೆಂಡ್, ಜರ್ಮನಿಯ ಯಂತ್ರಗಳ ಕಥೆ ಸಾಲುಸಾಲಾಗಿತ್ತು. ಈ ಊರಿನಲ್ಲೇ ಕಟ್ಟಿದ ಯಂತ್ರಕ್ಕೆ ಸಿಕ್ಕಿದ್ದು ರಟ್ಟಿಲ್ಲದ ಒಂದು ಕೈಪಿಡಿ. ನಿಮ್ಮ ಮನೆಯಲ್ಲಿ ಕಾರ್ಖಾನೆಯಲ್ಲಿ ದುಡಿದ ಹಿರಿಯರಿದ್ದರೆ, ಅವರ ಪೆಟ್ಟಿಗೆಯಲ್ಲಿ ಪಾರ್ಟ್ಸ್ ಪಟ್ಟಿ, ನಕ್ಷೆ, ಟಿಪ್ಪಣಿ ಪುಸ್ತಕ ಏನಿದ್ದರೂ ದಯವಿಟ್ಟು ತೂಕಕ್ಕೆ ಹಾಕಬೇಡಿ. ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಕೊಡುವ ಮೊದಲು, ಅದು ಯಾರದು, ಯಾವ ವಿಭಾಗದ್ದು ಎಂದು ಮೊದಲ ಪುಟದಲ್ಲಿ ಬರೆಯಿರಿ.