ಮೂಲವನ್ನು ಹುಡುಕುವ ವಿದ್ಯೆ: ಭಿವಂಡಿಯ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ಭಿವಂಡಿಯ ಹೆಸರೆತ್ತಿದೊಡನೆ ಹಗಲಿರುಳೆನ್ನದೆ ಓಡುವ ವಿದ್ಯುತ್ ಮಗ್ಗಗಳ ಸಪ್ಪಳವೂ, ಹೆದ್ದಾರಿಯ ಇಕ್ಕೆಲಗಳಲ್ಲಿ ಹಬ್ಬಿ ನಿಂತ ಗೋದಾಮುಗಳ ಸಾಲೂ ನೆನಪಿಗೆ ಬರುವುದು ಸಹಜ. ಹೊಟ್ಟೆಪಾಡಿಗಾಗಿ ಈ ಊರನ್ನು ಸೇರಿದವರಲ್ಲಿ ಉತ್ತರ ಭಾರತದ ಕಾರ್ಮಿಕರೂ ತೆಲಂಗಾಣದ ನೇಕಾರರೂ ಇರುವಂತೆ, ಹೋಟೆಲು ಉದ್ಯಮವನ್ನೂ ಸಣ್ಣಪುಟ್ಟ ನೌಕರಿಗಳನ್ನೂ ನಂಬಿ ಬಂದ ನಮ್ಮ ಕನ್ನಡಿಗರೂ ತುಳುವರೂ ಇದ್ದಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೋ ಒಲೆಯ ಮುಂದೆ ನಿಂತೋ ಆಯುಷ್ಯ ಸವೆಸಿದ ತಂದೆಯ ಮಗನೋ ಮಗಳೋ ಇಂದು ಕಾಲೇಜಿನ ಮೆಟ್ಟಿಲೇರಿದ್ದರೆ, ಆ ಮನೆತನದಲ್ಲಿ ಆ ಭಾಗ್ಯವನ್ನು ಕಂಡವರು ಅವರೇ ಮೊದಲಿಗರಾಗಿರುವುದು ಅಪರೂಪವಲ್ಲ. ಅಂಥ ಮಕ್ಕಳನ್ನುದ್ದೇಶಿಸಿ ನಾವು ಇಂದು ನಾಲ್ಕು ಮಾತು ಬರೆಯಬಯಸುತ್ತೇವೆ.

ಕಾಲೇಜಿನಲ್ಲಿ ಈಗ ಪಾಠ ಒಪ್ಪಿಸಿದರಷ್ಟೇ ಸಾಲದು. ‘ಪ್ರಾಜೆಕ್ಟು’ ಎಂಬ ಹೆಸರಿನ ಸ್ವತಂತ್ರ ಬರವಣಿಗೆಯನ್ನೂ ಸಲ್ಲಿಸಬೇಕು. ಹೊಸ ಶಿಕ್ಷಣ ನೀತಿಯನ್ನನುಸರಿಸಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ಪಠ್ಯಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಗಳಿಸಿದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನೇ ಕೈಗೊಳ್ಳಬಹುದಾಗಿದೆ. ಹಿಂದೆ ಪಂಡಿತರ ಪಾಲಿಗಿದ್ದ ಕೆಲಸ ಈಗ ಇಪ್ಪತ್ತರ ಹರೆಯದವರ ಹೆಗಲಿಗೆ ಬಂದಿದೆ. ಆದರೆ ಆ ಕೆಲಸ ಅನೇಕ ಕಡೆಗಳಲ್ಲಿ ನಡೆಯುವ ಬಗೆಯನ್ನು ನೋಡಿದರೆ ಖೇದವೆನಿಸುತ್ತದೆ. ಮೊಬೈಲಿನಲ್ಲಿ ವಿಷಯದ ಹೆಸರನ್ನು ಒತ್ತುವುದು, ಮೊದಲು ಕಣ್ಣಿಗೆ ಬಿದ್ದುದನ್ನು ಎತ್ತಿ ಅಂಟಿಸುವುದು, ರಟ್ಟು ಹಾಕಿಸಿ ಒಪ್ಪಿಸುವುದು. ಇಷ್ಟಕ್ಕೆ ಸಂಶೋಧನೆಯೆಂಬ ಹೆಸರು! ಇದರಿಂದ ಅಂಕಗಳು ದೊರೆಯಬಹುದು, ವಿದ್ಯೆ ದೊರೆಯದು.

ಇದು ಕೇವಲ ಅಂಕಗಳ ಪ್ರಶ್ನೆಯಾಗಿದ್ದರೆ ನಾವು ಲೇಖನಿ ಎತ್ತುತ್ತಿರಲಿಲ್ಲ. ಕೇಳಿದ ಮಾತನ್ನು ಪರೀಕ್ಷಿಸದೆ ನಂಬಿದರೆ ಏನಾಗುವುದೆಂಬುದನ್ನು ಭಿವಂಡಿಯಷ್ಟು ನೋವುಂಡು ಕಲಿತ ಊರುಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಊರು ಕಲಿತ ಪಾಠ

1970ರ ಮೇ 7ರಂದು ಶಿವಜಯಂತಿಯ ಮೆರವಣಿಗೆಯ ಸಂದರ್ಭದಲ್ಲಿ ಇಲ್ಲಿ ಹೊತ್ತಿಕೊಂಡ ಕೋಮುಗಲಭೆಯ ಕಿಡಿ ಜಳಗಾಂವ, ಮಹಾಡಗಳಿಗೂ ಹಾರಿತು. ಅದರ ವಿಚಾರಣೆಗೆ ನ್ಯಾಯಮೂರ್ತಿ ಡಿ. ಪಿ. ಮಾದನ್ ಅವರ ಆಯೋಗವೇ ನೇಮಕಗೊಂಡಿತು. 1984ರ ಮೇ ತಿಂಗಳಿನಲ್ಲಿ ಭಿವಂಡಿ ಮತ್ತೊಮ್ಮೆ ಉರಿಯಿತು. ಇಂಥ ಊರಿಗೆ 1988ರಲ್ಲಿ ಪೊಲೀಸ್ ಉಪ ಆಯುಕ್ತರಾಗಿ ಬಂದ ಸುರೇಶ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಒಂದೊಂದು ಕೇರಿಯಲ್ಲಿಯೂ ಎರಡು ಮತಗಳ ಸಾಮಾನ್ಯ ಜನರು ಪೊಲೀಸರೊಡನೆ ಒಂದೆಡೆ ಕುಳಿತು ಮಾತನಾಡುವ ಪರಿಪಾಠ ಬೆಳೆಯಿತು. ಆ ಕೇರಿಯಲ್ಲಿ ಹೀಗಾಯಿತಂತೆ ಎಂಬ ಗಾಳಿಮಾತು ಎದ್ದರೆ, ಹೌದೋ ಅಲ್ಲವೋ ಎಂದು ಕೇಳಲು ಆ ಕೇರಿಯಲ್ಲಿಯೇ ಪರಿಚಯದ ಮುಖವೊಂದು ದೊರೆಯುವಂತಾಯಿತು. 1992-93ರಲ್ಲಿ ಮುಂಬಯಿ ಹೊತ್ತಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು. ಇದಕ್ಕೆ ಸಮಿತಿಗಳೊಂದೇ ಕಾರಣವೆಂದು ನಾವು ಸಾಧಿಸ ಹೊರಟಿಲ್ಲ. ಆದರೆ ಸುದ್ದಿಯನ್ನು ಅದು ಹುಟ್ಟಿದ ಸ್ಥಳದಲ್ಲಿಯೇ ವಿಚಾರಿಸುವ ದಾರಿ ತೆರೆದಿದ್ದರೆ ಊರು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ಎಲ್ಲಿಂದ ತರೋಣ?

ಮೊಬೈಲು ಬಂದ ಮೇಲಂತೂ ಗಾಳಿಮಾತಿಗೆ ತಡೆಯೇ ಇಲ್ಲದಂತಾಗಿದೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷಾಟನೆಗೆ ಬಂದಿದ್ದ ಐವರು ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಭಾವಿಸಿ ಜನರು ಹೊಡೆದು ಕೊಂದರು. ಎರಡು ವಾರ ಕಳೆಯುವುದರೊಳಗೆ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಎಂಜಿನಿಯರನೊಬ್ಬ ಇದೇ ಗತಿಯನ್ನು ಕಂಡ. ಅಲ್ಲಿ ವಾಟ್ಸ್‌ಆ್ಯಪ್ ಸಂದೇಶ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹಾರಿ ಜನರನ್ನು ಕೆರಳಿಸಿತ್ತು. ಸಂದೇಶವನ್ನು ದಾಟಿಸಿದವರಿಗೆ ಅಕ್ಷರ ಬರುತ್ತಿತ್ತು. ಓದಿದ್ದನ್ನು ತೂಗಿ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ಆ ಅಭ್ಯಾಸವನ್ನು ಕಲಿಸಬೇಕಾದ ಸ್ಥಳವೇ ಕಾಲೇಜು. ಪ್ರಾಜೆಕ್ಟಿನ ನಿಜವಾದ ಪ್ರಯೋಜನವೂ ಅದೇ.

ಒಂದು ಊರು, ಎರಡು ಸಂಖ್ಯೆ

ಹಾಗಾದರೆ ತೂಗಿ ನೋಡುವುದು ಹೇಗೆ? ದೊಡ್ಡ ಸಿದ್ಧಾಂತಗಳು ಬೇಡ. ಭಿವಂಡಿಯ ಜನಸಂಖ್ಯೆ ಎಷ್ಟು ಎಂಬ ಸಣ್ಣ ಪ್ರಶ್ನೆಯಿಂದಲೇ ಆರಂಭಿಸೋಣ. 2011ರ ಜನಗಣತಿಯನ್ನು ಹುಡುಕಿದ ವಿದ್ಯಾರ್ಥಿಗೆ ಒಂದು ಕಡೆ 7,11,329 ಎಂದೂ ಇನ್ನೊಂದು ಕಡೆ 7,09,665 ಎಂದೂ ಕಾಣಸಿಗುತ್ತದೆ. ಒಂದು ಸುಳ್ಳಾಗಿರಲೇಬೇಕೆಂದು ಆತುರಪಡುವವನು ತಪ್ಪುವನು. ಮೊದಲನೆಯದು ಎಣಿಕೆ ಮುಗಿದೊಡನೆ ಪ್ರಕಟವಾದ ತಾತ್ಕಾಲಿಕ ಮೊತ್ತ. ಎರಡನೆಯದು ಪರಿಶೀಲನೆಯ ಅನಂತರ ಬಂದ ಅಂತಿಮ ಮೊತ್ತ. ಎರಡೂ ಸರಕಾರದವೇ. ಆದರೆ ಪ್ರಬಂಧದಲ್ಲಿ ಬರೆಯತಕ್ಕದ್ದು ಎರಡನೆಯದನ್ನು, ಅದೂ 2011ರದೆಂಬ ಮಾತನ್ನು ಸೇರಿಸಿ. 2021ರಲ್ಲಿ ಆಗಬೇಕಾಗಿದ್ದ ಗಣತಿ ಆಗ ನಡೆಯದೆ ಹೋದುದರಿಂದ, ಅದರ ಮುಂದಿನ ವರ್ಷಗಳಿಗೆಂದು ಹೇಳುವ ಸಂಖ್ಯೆ ಎಣಿಸಿದ್ದೋ ಅಂದಾಜಿನದೋ ಎಂಬುದನ್ನೂ ಕೇಳಬೇಕು.

ಮಗ್ಗಗಳ ಸಂಖ್ಯೆಯ ಮಾತಂತೂ ಇನ್ನೂ ಸೋಜಿಗದ್ದು. ಒಂದೊಂದು ಲೇಖನದಲ್ಲಿ ಒಂದೊಂದು ಲೆಕ್ಕ! ಎಣಿಸಿದವರು ಯಾರು, ಯಾವ ವರ್ಷ, ಎಣಿಸಿದ್ದು ಏನನ್ನು: ನೋಂದಾಯಿಸಿದ ಮಗ್ಗಗಳನ್ನೋ, ಓಡುತ್ತಿರುವವನ್ನೋ, ಬಾಗಿಲು ಮುಚ್ಚಿದ ಕಾರಖಾನೆಗಳಲ್ಲಿ ತುಕ್ಕು ಹಿಡಿಯುತ್ತಿರುವವನ್ನೂ ಸೇರಿಸಿಯೋ? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂಖ್ಯೆಯನ್ನು ಬರೆಯುವುದಕ್ಕಿಂತ ಬಿಡುವುದೇ ಲೇಸು. ‘ಭಾರತದ ಮ್ಯಾಂಚೆಸ್ಟರ್’ ಎಂಬ ಬಿರುದೂ ಹಾಗೆಯೇ. ಭಿವಂಡಿಗೆ ಈ ಹೆಸರನ್ನು ಕೊಡುವವರಿರುವಂತೆ ಅಹಮದಾಬಾದಿಗೂ ಕೊಟ್ಟವರುಂಟು. ನಮ್ಮ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಬಿರುದು ಪ್ರಮಾಣವಲ್ಲ.

ಪುಟವನ್ನು ಬಿಟ್ಟು ಹೊರಬನ್ನಿರಿ

ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬ ವಿದ್ವಾಂಸರು 2017ರಲ್ಲಿ ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಹತ್ತು ಮಂದಿ ಇತಿಹಾಸಕಾರರು, ಪತ್ರಿಕೆಗಳ ಪರವಾಗಿ ಸತ್ಯಾಸತ್ಯ ಪರಿಶೀಲಿಸುವ ಹತ್ತು ಮಂದಿ ವೃತ್ತಿಪರರು, ಅದೇ ವಿಶ್ವವಿದ್ಯಾಲಯದ ಇಪ್ಪತ್ತೈದು ಮಂದಿ ವಿದ್ಯಾರ್ಥಿಗಳು, ಹೀಗೆ 45 ಜನರಿಗೆ ಅಂತರ್ಜಾಲದ ಕೆಲವು ಪುಟಗಳನ್ನು ತೋರಿಸಿ ಅವು ನಂಬತಕ್ಕವೇ ಎಂದು ಕೇಳಲಾಯಿತು. ಪಂಡಿತರೂ ವಿದ್ಯಾರ್ಥಿಗಳೂ ಪುಟದ ಅಂದಕ್ಕೂ ಗಂಭೀರವಾದ ಹೆಸರಿಗೂ ಎಷ್ಟೋ ವೇಳೆ ಮರುಳಾದರು. ವೃತ್ತಿಪರ ಪರಿಶೀಲಕರಾದರೋ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಅದನ್ನು ನಡೆಸುವವರು ಯಾರೆಂಬುದನ್ನು ಬೇರೆ ಕಡೆಗಳಲ್ಲಿ ಹುಡುಕಿ, ಬೇಗನೆ ಸರಿಯಾದ ನಿರ್ಣಯಕ್ಕೆ ಬಂದರು. ಹೆಣ್ಣು ಗಂಡು ಗೊತ್ತುಮಾಡುವಾಗ ನಮ್ಮ ಹಿರಿಯರು ಆ ಮನೆಯವರು ತಮ್ಮ ಬಗ್ಗೆ ಆಡಿದ ಮಾತನ್ನು ಮಾತ್ರ ನಂಬುತ್ತಿದ್ದರೇ? ನೆರೆಮನೆಯಲ್ಲಿ ವಿಚಾರಿಸುತ್ತಿರಲಿಲ್ಲವೇ? ಇದೂ ಅದೇ ವಿವೇಕ.

ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿ ಬೇಕು. ಅವು ಇಲ್ಲದ ಗ್ರಂಥದ ಹೆಸರನ್ನು, ಇಲ್ಲದ ತೀರ್ಪಿನ ವಿವರವನ್ನು ಅಳುಕಿಲ್ಲದೆ ಬರೆದುಕೊಡುವುದುಂಟು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಯಂತ್ರ ಕಟ್ಟಿಕೊಟ್ಟ ತೀರ್ಪುಗಳನ್ನು ನಿಜವೆಂದು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಯಂತ್ರದ ಸಹಾಯ ಪಡೆಯಬಾರದೆಂದಲ್ಲ. ಅದು ಹೆಸರಿಸಿದ ಪುಸ್ತಕವನ್ನು ಕೈಯಲ್ಲಿ ಹಿಡಿದು ಪುಟ ತೆರೆದು ನೋಡುವವರೆಗೆ ಅದನ್ನು ಬರೆಯಬಾರದು.

ಅಭಿಮಾನಕ್ಕೂ ಆಧಾರ ಬೇಕು

ಪರರ ಮಾತನ್ನು ಸಂಶಯಿಸುವುದು ಸುಲಭ. ನಮಗೆ ಪ್ರಿಯವಾದ ಮಾತನ್ನು ಪರೀಕ್ಷಿಸುವುದು ಕಷ್ಟ. ಕೊಂಕಣವೂ ಮುಂಬಯಿಯೂ ಒಂದು ಕಾಲದಲ್ಲಿ ಕನ್ನಡನಾಡೇ ಆಗಿದ್ದವು ಎಂಬ ಮಾತನ್ನು ನಾವು ಹೊರನಾಡಿನವರು ಹೆಮ್ಮೆಯಿಂದ ಹೇಳುವುದುಂಟು. ಆಧಾರವೇನು? ಬೊರಿವಲಿಯ ಬಳಿಯ ಕನ್ಹೇರಿ ಗುಹೆಗಳಲ್ಲಿ ಉತ್ತರ ಕೊಂಕಣವನ್ನಾಳಿದ ಶಿಲಾಹಾರ ಸಾಮಂತರ 9ನೆಯ ಶತಮಾನದ ಶಾಸನಗಳಿವೆ. ಅವುಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ ಹುಟ್ಟಿದುದು ಅದೇ ಅರಸನ ಆಸ್ಥಾನದಲ್ಲಿ. ಮೈ ನವಿರೇಳುವ ಸಂಗತಿಯೇ ಸರಿ. ಆದರೆ ಆ ಶಾಸನಗಳ ಭಾಷೆ ಸಂಸ್ಕೃತ. ಮಳಖೇಡದ ಅಧಿಕಾರ ಇಲ್ಲಿಯವರೆಗೆ ಹಬ್ಬಿತ್ತೆಂಬುದನ್ನು ಅವು ಸಿದ್ಧಪಡಿಸುತ್ತವೆ. ಇಲ್ಲಿನ ಜನರು ಮನೆಯಲ್ಲಿ ಕನ್ನಡವಾಡುತ್ತಿದ್ದರೆಂಬುದನ್ನು ಅವು ಹೇಳುವುದಿಲ್ಲ. ಶಂ. ಬಾ. ಜೋಶಿಯವರಂಥ ಸಂಶೋಧಕರು ಮಹಾರಾಷ್ಟ್ರದಲ್ಲಿ ಕನ್ನಡದ ಕುರುಹುಗಳನ್ನು ಅರಸುತ್ತ ಸ್ಥಳನಾಮಗಳನ್ನು ಬೇರೆಯಾಗಿಯೇ ಪರಿಶೀಲಿಸಿದ್ದು ಇದಕ್ಕಾಗಿಯೇ. ಒಂದು ಆಧಾರ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ಅದರಿಂದ ಪಡೆಯಬೇಕು. ಉಳಿದುದಕ್ಕೆ ಬೇರೆ ಆಧಾರವನ್ನು ಹುಡುಕಬೇಕು. ಸಂಶೋಧನೆಯ ಸಾರವೆಲ್ಲ ಇದರಲ್ಲಿ ಅಡಗಿದೆಯೆಂದರೂ ಸಲ್ಲುವುದು.

ಹತ್ತಿರದಲ್ಲೇ ಇರುವ ಭಂಡಾರ

ಭಿವಂಡಿಯಂಥ ದುಡಿಮೆಯ ಊರಿನಲ್ಲಿ ಆಧಾರಗ್ರಂಥಗಳನ್ನು ಎಲ್ಲಿಂದ ತರೋಣವೆಂದು ಕೇಳುವವರಿದ್ದಾರೆ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರಿಂದ ಇದೆ. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ ಹುಟ್ಟಿದ್ದು 1893ರಲ್ಲಿ. ಮುಂಬಯಿಯ ಟೌನ್ ಹಾಲಿನಲ್ಲಿರುವ ಏಷಿಯಾಟಿಕ್ ಸೊಸೈಟಿಯ ಮೂಲ 1804ರಷ್ಟು ಹಿಂದಿನದು. ಜೇಮ್ಸ್ ಕ್ಯಾಂಬೆಲ್ ಅವರ ಸಂಪಾದಕತ್ವದಲ್ಲಿ 1882ರಲ್ಲಿ ಹೊರಬಂದ ಥಾಣೆ ಜಿಲ್ಲೆಯ ಗ್ಯಾಸೆಟಿಯರ್ ಸಂಪುಟಗಳಲ್ಲಿ ಭಿವಂಡಿಯ ಅಂದಿನ ವ್ಯಾಪಾರವೂ, ತಾಲೂಕಿನ ಲೋನಾಡದ ಗುಹೆ ದೇವಾಲಯಗಳೂ ವರ್ಣಿತವಾಗಿವೆ. ಅವನ್ನು ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ಓದಬಹುದು. ಶಿಲಾಹಾರರ ಶಾಸನಗಳನ್ನು ವಾ. ವಿ. ಮಿರಾಶಿಯವರು 1977ರಲ್ಲಿ ಒಂದೇ ಸಂಪುಟದಲ್ಲಿ ಪ್ರಕಟಿಸಿಕೊಟ್ಟಿದ್ದಾರೆ. ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಸಂಶೋಧನ ಪ್ರಬಂಧಗಳು, ಕನ್ನಡದವೂ ಸೇರಿ, ‘ಶೋಧಗಂಗಾ’ದಲ್ಲಿ ಕಾಸಿಲ್ಲದೆ ದೊರೆಯುತ್ತವೆ. ಖರಗಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಇದೆ. ಇನ್ನು ನಗರಪಾಲಿಕೆಯ ಕಡತದಲ್ಲಿರುವ ಸಂಗತಿ ಬೇಕಾದರೆ, 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿಯ ಅರ್ಜಿ ಸಾಕು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದೆಂದು ಕಾಯಿದೆಯೇ ವಿಧಿಸಿದೆ.

ಭಂಡಾರವಿದ್ದರೆ ಸಾಲದು, ಅದರ ಬಾಗಿಲು ತೆರೆಯಲು ಬಲ್ಲವರೂ ಬೇಕು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರು. 1917ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು, ಓದುಗನ ಸಮಯವನ್ನು ಉಳಿಸಬೇಕೆಂಬುದು. ಆದುದರಿಂದ ಕಾಲೇಜಿನ ಗ್ರಂಥಪಾಲರನ್ನು ಕೇವಲ ಪುಸ್ತಕಕ್ಕೆ ಮುದ್ರೆ ಒತ್ತುವವರೆಂದು ತಿಳಿಯದೆ, ನನ್ನ ವಿಷಯವಿದು, ಎಲ್ಲಿಂದ ಆರಂಭಿಸಲಿ ಎಂದು ಸಂಕೋಚವಿಲ್ಲದೆ ಕೇಳಬೇಕು. ಕೇಳಿದ್ದನ್ನೂ ಓದಿದ್ದನ್ನೂ ಅಂದಂದೇ ಟಿಪ್ಪಣಿ ಮಾಡಿ, ಗ್ರಂಥಕರ್ತನ ಹೆಸರು, ಪುಸ್ತಕ, ವರ್ಷ, ಪುಟಸಂಖ್ಯೆಗಳನ್ನು ಬರೆದಿಡಬೇಕು. ಅನ್ಯರ ಮಾತನ್ನು ತನ್ನದೆಂದು ಒಪ್ಪಿಸುವವರಿಗೆ ಕಾನೂನೂ ಈಗ ಬಿಗಿಯಾಗಿದೆ. ಅನುದಾನ ಆಯೋಗದ 2018ರ ನಿಯಮಗಳಂತೆ ಸಂಶೋಧನ ಪ್ರಬಂಧದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಭಾಗ ಎತ್ತಿದ್ದೆಂದು ಕಂಡುಬಂದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗಬಹುದು.

ಹಿರಿಯರ ಪಾಲು

ನಮ್ಮ ಮಕ್ಕಳಲ್ಲಿ ಒಂದು ವಿಶೇಷ ಬಂಡವಾಳವಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು: ಇಷ್ಟು ಭಾಷೆಗಳಲ್ಲಿ ಒಂದೇ ಸಂಗತಿಯನ್ನು ಹೋಲಿಸಿ ನೋಡಬಲ್ಲವರು ಎಷ್ಟು ಮಂದಿ? ಇಂಗ್ಲಿಷ್ ಪುಟದಲ್ಲಿ ಕಂಡುದನ್ನು ಮರಾಠಿ ಪತ್ರಿಕೆಯಲ್ಲಿ ಒರೆಗೆ ಹಚ್ಚಿ, ಕನ್ನಡದಲ್ಲಿ ಬರೆಯುವ ಶಕ್ತಿಯನ್ನು ಊರು ಬಿಟ್ಟು ಬಂದ ಬಾಳೇ ಇವರಿಗೆ ಕೊಟ್ಟಿದೆ. ಅದು ವ್ಯರ್ಥವಾಗಬಾರದು.

ಸುಳ್ಳು ಸುದ್ದಿಯ ಏಟು ಮೊದಲು ಬೀಳುವುದು ಬಡವರ ಮನೆಯ ಮೇಲೆ ಎಂಬುದನ್ನೂ ಮರೆಯಲಾಗದು. ಇಂಥ ಕೋರ್ಸಿಗೆ ಸೇರಿದರೆ ನೌಕರಿ ಖಂಡಿತವೆಂಬ ಜಾಹೀರಾತನ್ನು ನಂಬಿ ವರುಷಗಳ ಉಳಿತಾಯವನ್ನು ಕಳೆದುಕೊಂಡ ತಂದೆತಾಯಿಗಳಿದ್ದಾರೆ. ಮಾನ್ಯತೆಯಿಲ್ಲದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಅನುದಾನ ಆಯೋಗವೇ ಪ್ರಕಟಿಸುತ್ತದೆ. ಹಣ ಕಟ್ಟುವ ಮೊದಲು ಅದನ್ನು ತೆರೆದು ನೋಡಿ ಅಪ್ಪನಿಗೆ ವಿವರಿಸಿ ಹೇಳಬಲ್ಲ ಮಗಳು ಆ ಮನೆಯ ಆಸ್ತಿಯಲ್ಲವೇ?

ಭಿವಂಡಿ, ಕಲ್ಯಾಣ, ಡೊಂಬಿವಲಿಗಳಲ್ಲಿ ನಮ್ಮ ಸಂಘಸಂಸ್ಥೆಗಳಿಗೆ ಕೊರತೆಯಿಲ್ಲ. ವಾರ್ಷಿಕೋತ್ಸವ, ಯಕ್ಷಗಾನ, ಪ್ರತಿಭಾ ಪುರಸ್ಕಾರಗಳ ಜತೆಯಲ್ಲಿ ವರ್ಷಕ್ಕೆ ಎರಡು ಆದಿತ್ಯವಾರಗಳನ್ನು ಈ ಕೆಲಸಕ್ಕೆ ಮೀಸಲಿಡುವುದು ಅಸಾಧ್ಯವೇನೂ ಅಲ್ಲ. ಒಬ್ಬ ಗ್ರಂಥಪಾಲರನ್ನೋ ಅಧ್ಯಾಪಕರನ್ನೋ ಕರೆಸಿ, ಇಪ್ಪತ್ತು ಮಂದಿ ವಿದ್ಯಾರ್ಥಿಗಳನ್ನು ಕುಳ್ಳಿರಿಸಿ, ಅವರವರ ಮೊಬೈಲಿಗೆ ಆ ವಾರ ಬಂದ ಒಂದು ಸಂದೇಶದ ಮೂಲವನ್ನು ಅವರಿಂದಲೇ ಹುಡುಕಿಸಲಿ. ಇನ್ನೊಂದು ಆದಿತ್ಯವಾರ ಅವರನ್ನು ಕನ್ಹೇರಿಗೋ ಲೋನಾಡಕ್ಕೋ ಕರೆದೊಯ್ದು, ಪುಸ್ತಕದಲ್ಲಿ ಓದಿದ್ದನ್ನು ಕಲ್ಲಿನಲ್ಲಿ ಕಾಣಿಸಲಿ. ಬಹುಮಾನಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಸಾಕು. ಯಾವ ಸಂಘ ಇದನ್ನು ಮೊದಲು ಕೈಗೆತ್ತಿಕೊಳ್ಳುವುದೋ ಅದು ನಮ್ಮ ಸಮಾಜದ ಕೃತಜ್ಞತೆಗೆ ಪಾತ್ರವಾಗುವುದರಲ್ಲಿ ಸಂದೇಹವಿಲ್ಲ.