ಮಕ್ಕಳ ಜಾಝ್ ಬ್ಯಾಂಡಿಗೊಂದು ನಿಧಾನದ ಹಾಡು

ಡಿಸೆಂಬರ್‌ನ ಒಂದು ಸಂಜೆ. ಅಮೆರಿಕದ ಓಹಿಯೊ ರಾಜ್ಯದ ಸಣ್ಣ ಊರೊಂದರ ಶಾಲೆ. ವೇದಿಕೆಯ ಮೇಲೆ ಹನ್ನೊಂದರಿಂದ ಹದಿಮೂರು ವರ್ಷದ 14 ಮಕ್ಕಳು, ಕೈಯಲ್ಲಿ ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರೊಂಬೋನ್. ಎದುರಿಗೆ ಮೊಬೈಲ್ ಎತ್ತಿ ಹಿಡಿದ ಅಪ್ಪ–ಅಮ್ಮಂದಿರು. ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದು ಬ್ಯಾಲಡ್, ಅಂದರೆ ನಿಧಾನಗತಿಯ ಭಾವಗೀತೆಯಂಥದ್ದು. ಅದನ್ನು ಆರಿಸಿದ್ದವನು ನಾನು.

ಅರ್ಧಕ್ಕೆ ಬರುವಷ್ಟರಲ್ಲಿ ಟ್ರೊಂಬೋನ್ ಒಂದು ಶ್ರುತಿಯಲ್ಲಿತ್ತು, ಟ್ರಂಪೆಟ್ ಇನ್ನೊಂದರಲ್ಲಿ. ಡ್ರಮ್ಸ್ ಹುಡುಗ ಗಾಬರಿಯಿಂದ ಓಡುತ್ತಿದ್ದ. ಸೋಲೋ ನುಡಿಸಬೇಕಿದ್ದ ಆಲ್ಟೋ ಸ್ಯಾಕ್ಸೋಫೋನ್ ಹುಡುಗ ನಾಲ್ಕು ಸ್ವರ ಊದಿ, ತಪ್ಪಿ, ವಾದ್ಯವನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿ ಕುಳಿತುಬಿಟ್ಟ. ಉಳಿದವರು ಹೇಗೋ ಮುಗಿಸಿದರು. ಜನ ಚಪ್ಪಾಳೆ ತಟ್ಟಿದರು. ಅಲ್ಲಿನವರು ಮಕ್ಕಳು ಏನು ಮಾಡಿದರೂ ತಟ್ಟುತ್ತಾರೆ. ಆ ಚಪ್ಪಾಳೆ ಆ ಹುಡುಗನಿಗೆ ಇನ್ನಷ್ಟು ಅವಮಾನ ಮಾಡಿತೇನೋ. ಸೋಮವಾರ ಅವನು ಅಭ್ಯಾಸಕ್ಕೆ ಬರಲಿಲ್ಲ. ‘ಬ್ಯಾಂಡ್ ಬಿಡುತ್ತಾನಂತೆ’ ಎಂದು ಪಕ್ಕದ ಹುಡುಗಿ ಹೇಳಿದಳು.

ನಾನು ಅಲ್ಲಿಗೆ ಹೇಗೆ ಸೇರಿಕೊಂಡೆ ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೋಫೋನ್ ಹೊರಗಿನ ವಾದ್ಯ ಅಲ್ಲವೇ ಅಲ್ಲ. ಮದುವೆಗೂ ಬೇಕು, ರಥೋತ್ಸವಕ್ಕೂ ಬೇಕು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. 1994ರಲ್ಲಿ ಅವರು ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2008ರಲ್ಲಿ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಅವರ ಜೊತೆ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಬಂತು. ನಾನು ಜಾಝ್ ಕೇಳಲು ಶುರು ಮಾಡಿದ್ದೇ ಆ ಆಲ್ಬಂನಿಂದ. ಎಂ.ಎಸ್. ಓದಲು ಹೋದಾಗ ಸೂಟ್‌ಕೇಸಿನಲ್ಲಿ ಬಟ್ಟೆ ಕಡಿಮೆ ಮಾಡಿ ನನ್ನ ಹಳೆಯ ಆಲ್ಟೋವನ್ನು ಒಯ್ದಿದ್ದೆ. ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ಶಾಲೆಯೊಂದರ ಬ್ಯಾಂಡ್ ಮೇಷ್ಟ್ರು. ಗೋಡೆಯಾಚೆ ನಾನು ಊದುವುದನ್ನು ಕೇಳಿ, ‘ವಾರಕ್ಕೆರಡು ದಿನ ಬಂದು ನಮ್ಮ ಸ್ಯಾಕ್ಸೋಫೋನ್ ಮಕ್ಕಳಿಗೆ ಸಹಾಯ ಮಾಡ್ತೀಯಾ?’ ಎಂದು ಕೇಳಿದರು. ಸಂಬಳವಿಲ್ಲದ ಕೆಲಸ, ಆದರೆ ಖುಷಿಯಿಂದ ಒಪ್ಪಿಕೊಂಡೆ.

ಅಲ್ಲಿನ ಶಾಲಾ ಬ್ಯಾಂಡುಗಳು ಕಛೇರಿಗಾಗಲೀ ಉತ್ಸವಕ್ಕಾಗಲೀ ಸಾಮಾನ್ಯವಾಗಿ ಮೂರು ಬಗೆಯ ಹಾಡು ಇಟ್ಟುಕೊಳ್ಳುತ್ತವೆ: ಒಂದು ಸ್ವಿಂಗ್, ಒಂದು ಬ್ಯಾಲಡ್, ಒಂದು ಲ್ಯಾಟಿನ್ ಅಥವಾ ರಾಕ್. ಮೇಷ್ಟ್ರು ಬ್ಯಾಲಡ್ ಆರಿಸುವ ಕೆಲಸ ನನಗೆ ಬಿಟ್ಟರು. ನಾನು ಹಿಂದೆಮುಂದೆ ನೋಡದೆ ‘ಬಾಡಿ ಆ್ಯಂಡ್ ಸೋಲ್’ ಎಂದೆ. 1930ರ ಹಾಡು ಅದು. 1939ರಲ್ಲಿ ಕೋಲ್ಮನ್ ಹಾಕಿನ್ಸ್ ಟೆನರ್ ಸ್ಯಾಕ್ಸೋಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿದ ಮೂರು ನಿಮಿಷ ಇಡೀ ಜಾಝ್ ಲೋಕವನ್ನೇ ಬೆರಗಾಗಿಸಿತ್ತು. ನಾನದನ್ನು ನೂರಾರು ಸಲ ಕೇಳಿದ್ದೆ. ಮೇಷ್ಟ್ರು ಹುಬ್ಬೇರಿಸಿದರು, ‘ನೋಡೋಣ’ ಎಂದರು. ಬೇಡ ಅನ್ನಲಿಲ್ಲ.

ಆಮೇಲೆ ಗೊತ್ತಾಯಿತು, ಆ ಹಾಡು ಮಕ್ಕಳಿಗೆ ಯಾಕೆ ಬೇಡ ಎಂದು. ಅದರ ಮೊದಲ ಭಾಗ ಡಿ ಫ್ಲಾಟ್ ಶ್ರುತಿಯಲ್ಲಿದೆ. ನಡುವಿನ ಭಾಗ ಇದ್ದಕ್ಕಿದ್ದಂತೆ ಡಿ ಮೇಜರ್‌ಗೆ ಹಾರಿ, ಅಲ್ಲಿಂದ ಸಿ ಮೇಜರ್‌ಗೆ ಇಳಿಯುತ್ತದೆ. ನಾನು ಆರಿಸಿದ ಅರೇಂಜ್‌ಮೆಂಟ್ ಮೂಲ ಶ್ರುತಿಯಲ್ಲೇ ಇತ್ತು. ಡಿ ಮೇಜರ್ ಎಂದರೆ ಆಲ್ಟೋ ಸ್ಯಾಕ್ಸೋಫೋನಿನ ಹಾಳೆಯಲ್ಲಿ ಬಿ ಮೇಜರ್, ಐದು ಶಾರ್ಪ್‌ಗಳು. ಟ್ರಂಪೆಟ್‌ಗೆ ನಾಲ್ಕು. ಕಿವಿಯಿಂದ ಕಲಿತ ನನಗೆ ಅದು ತೊಂದರೆ ಅನ್ನಿಸಿರಲಿಲ್ಲ. ಎರಡು ವರ್ಷದಿಂದ ಹಾಳೆ ನೋಡಿ ನುಡಿಸುತ್ತಿರುವ ಮಗುವಿಗೆ ಅದು ಗೋಡೆ. ಆ ಹುಡುಗ ಕೈಬಿಟ್ಟದ್ದು ಸರಿಯಾಗಿ ಅಲ್ಲಿಯೇ.

ಕಛೇರಿ ಮುಗಿದ ವಾರ ಮೇಷ್ಟ್ರು ನನ್ನನ್ನು ಬಯ್ಯಲಿಲ್ಲ. ಸ್ವರಲಿಪಿ ಇಟ್ಟಿದ್ದ ಕಬ್ಬಿಣದ ಕಪಾಟಿನ ಕೀಲಿ ಕೈಗಿಟ್ಟರು. ‘ಏಪ್ರಿಲ್ ಕಛೇರಿಗೂ ಬ್ಯಾಲಡ್ ನೀನೇ ಆರಿಸು. ಈ ಸಲ ನಿನ್ನ ಕಿವಿಯಲ್ಲಿರುವ ರೆಕಾರ್ಡಿಗಲ್ಲ, ಎದುರಿಗೆ ಕೂತ 14 ಮಕ್ಕಳಿಗೆ ಆರಿಸು’ ಎಂದರು.

ಮುಂದಿನ ಎರಡು ವಾರ ನಾನು ಕಪಾಟಿನ ಮುಂದೆ ನೆಲದ ಮೇಲೆ ಕುಳಿತೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ. ಬ್ಯಾಂಡು, ಆರ್ಕೆಸ್ಟ್ರಾ, ಕಾಲೇಜಿನ ಸಮೂಹಗಾನ ಯಾವುದನ್ನೇ ನಡೆಸುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲನೆಯದು, ನಿಧಾನ ಎಂದರೆ ಸುಲಭ ಅಲ್ಲ. ಹ್ಯಾಲ್ ಲೆನಾರ್ಡ್, ಆಲ್‌ಫ್ರೆಡ್‌ನಂಥ ಪ್ರಕಾಶಕರು ಪ್ರತಿ ಅರೇಂಜ್‌ಮೆಂಟಿಗೂ ಗ್ರೇಡ್ ಕೊಡುತ್ತಾರೆ. 1 ಎಂದರೆ ಹೊಸಬರಿಗೆ, 5 ಅಥವಾ 6 ಎಂದರೆ ಪಳಗಿದವರಿಗೆ. ಆದರೆ ಗ್ರೇಡ್ ನೋಡಿ ನಂಬಿ ಕೂರುವಂತಿಲ್ಲ. ಒಂದು ಲೆಕ್ಕ ನೋಡಿ. ನಿಮಿಷಕ್ಕೆ 160 ತಾಳದ ಸ್ವಿಂಗ್ ಹಾಡಿನಲ್ಲಿ ನಾಲ್ಕು ಎಣಿಕೆಯ ಒಂದು ದೀರ್ಘ ಸ್ವರ ಒಂದೂವರೆ ಸೆಕೆಂಡಿಗೆ ಮುಗಿಯುತ್ತದೆ. ನಿಮಿಷಕ್ಕೆ 60 ತಾಳದ ಬ್ಯಾಲಡ್‌ನಲ್ಲಿ ಅದೇ ಸ್ವರ ನಾಲ್ಕು ಸೆಕೆಂಡ್ ನಿಲ್ಲಬೇಕು. ಹಾಳೆಯ ಮೇಲೆ ಎರಡೂ ಒಂದೇ ಬೊಟ್ಟು. ಆದರೆ ನಾಲ್ಕು ಸೆಕೆಂಡಿನಲ್ಲಿ ಮಗುವಿನ ಉಸಿರು ಸಾಲದೆ ಶ್ರುತಿ ಜಾರುತ್ತದೆ, ಅದು ಎಲ್ಲರಿಗೂ ಕೇಳಿಸುತ್ತದೆ. ವೇಗದ ಹಾಡಿನಲ್ಲಿ ತಪ್ಪು ಓಡಿಹೋಗುತ್ತದೆ, ನಿಧಾನದ ಹಾಡಿನಲ್ಲಿ ಅಲ್ಲೇ ನಿಂತಿರುತ್ತದೆ. ಕೌಂಟ್ ಬೇಸಿ ಬ್ಯಾಂಡ್ 1957ರಲ್ಲಿ ರೆಕಾರ್ಡ್ ಮಾಡಿದ, ನೀಲ್ ಹೆಫ್ಟಿ ಬರೆದ ‘ಲಿಲ್ ಡಾರ್ಲಿನ್’ ಇದಕ್ಕೆ ಒಳ್ಳೆಯ ಉದಾಹರಣೆ. ಸ್ವರಗಳು ಕಡಿಮೆ, ನೋಡಿದರೆ ಬಹಳ ಸುಲಭ. ಆದರೆ ಆ ಗತಿಯಲ್ಲಿ ಓಡದೆ, ಎಳೆಯದೆ ನಿಲ್ಲುವುದು ದೊಡ್ಡವರಿಗೂ ಕಷ್ಟ.

ಎರಡನೆಯದು, ಪ್ರತಿಯೊಬ್ಬರ ಹಾಳೆಯನ್ನೂ ಬಿಡಿಬಿಡಿಯಾಗಿ ನೋಡಬೇಕು. ಮೊದಲ ಟ್ರಂಪೆಟ್ ಎಷ್ಟು ಮೇಲಕ್ಕೆ ಹೋಗುತ್ತದೆ? ಐದು ಗೆರೆಗಳ ಮೇಲಿನ ಜಿ ಸ್ವರವನ್ನೂ ದಾಟುತ್ತದೆ ಎಂದಾದರೆ, ಅದನ್ನು ಮೆಲ್ಲಗೆ ಊದುವುದು ಹನ್ನೆರಡರ ಮಗುವಿನ ತುಟಿಗೆ ಆಗದ ಕೆಲಸ. ಜೋರಾಗಿ ಊದಿದರೆ ಬರುತ್ತದೆ, ಆದರೆ ಬ್ಯಾಲಡ್‌ನಲ್ಲಿ ಜೋರು ನಡೆಯುವುದಿಲ್ಲ. ಟ್ರೊಂಬೋನಿನ ಸ್ಲೈಡ್ ಕೊನೆಯ ತನಕ ಚಾಚಲು ಸಣ್ಣ ಕೈಗೆ ಎಟುಕುತ್ತದೆಯೇ? ಬೇಸ್ ಗಿಟಾರ್ ಸಾಲು ಸರಳವಾಗಿದೆಯೇ?

ಮೂರನೆಯದು, ನಮ್ಮಲ್ಲಿ ಯಾರಿದ್ದಾರೆ ಎಂಬ ಲೆಕ್ಕ. ಪೂರ್ಣ ಜಾಝ್ ಬ್ಯಾಂಡ್ ಎಂದರೆ ಐದು ಸ್ಯಾಕ್ಸೋಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಜೊತೆಗೆ ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ನಮ್ಮಲ್ಲಿ ಟ್ರೊಂಬೋನ್ ಎರಡೇ, ಬ್ಯಾರಿಟೋನ್ ಸ್ಯಾಕ್ಸೋಫೋನ್ ಇಲ್ಲವೇ ಇಲ್ಲ. ಸುಲಭದ ಅರೇಂಜ್‌ಮೆಂಟುಗಳಲ್ಲಿ ಎಷ್ಟೋ ಇಂಥ ಸಣ್ಣ ಬ್ಯಾಂಡಿಗೆಂದೇ ಬರೆದವು. ಕೆಲವರು ಇಲ್ಲದಿದ್ದರೂ ಹಾಡು ಬಡವಾಗುವುದಿಲ್ಲ. ದೊಡ್ಡ ಬ್ಯಾಂಡಿಗೆ ಬರೆದದ್ದನ್ನು ಸಣ್ಣ ಬ್ಯಾಂಡಿಗೆ ಕೊಟ್ಟರೆ, ಹಲ್ಲು ಬಿದ್ದ ಬಾಯಿಯಂತೆ ಕೇಳಿಸುತ್ತದೆ.

ನಾಲ್ಕನೆಯದು, ಸೋಲೋ ಯಾರಿಗೆ? ಅದನ್ನು ಸ್ವರ ಸ್ವರವಾಗಿ ಬರೆದುಕೊಟ್ಟಿದ್ದಾರೆಯೇ ಅಥವಾ ಮನೋಧರ್ಮಕ್ಕೆ ಬಿಟ್ಟಿದ್ದಾರೆಯೇ? ಸೋಲೋ ನಡೆಯುವಾಗ ಉಳಿದವರಿಗೆ ವಿಶ್ರಾಂತಿ ಇದೆಯೇ? ಹಾಡು ಮೂರು–ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆಯೇ? ಪ್ರಕಾಶಕರು ಮಾದರಿ ಪುಟಗಳನ್ನೂ ರೆಕಾರ್ಡಿಂಗನ್ನೂ ಕೇಳಲು ಕೊಡುತ್ತಾರೆ. ಆ ರೆಕಾರ್ಡಿಂಗ್‌ನಲ್ಲಿ ನುಡಿಸುವವರು ನುರಿತವರು ಎಂಬುದನ್ನು ಮಾತ್ರ ಮರೆಯಬಾರದು.

ಹೀಗೆ ಸೋಸುತ್ತಾ ಹೋದಾಗ ಕೈಗೆ ಉಳಿದದ್ದು ‘ಸಮ್ಮರ್‌ಟೈಮ್’. ಜಾರ್ಜ್ ಗರ್ಶ್ವಿನ್ 1935ರ ‘ಪೋರ್ಗಿ ಆ್ಯಂಡ್ ಬೆಸ್’ ಒಪೆರಾಗೆ ಸಂಯೋಜಿಸಿದ್ದು. ಹದಿನಾರೇ ಬಾರ್‌ಗಳ ಹಾಡು. ಇಡೀ ಮಟ್ಟು ಸುಮಾರು ಒಂದು ಸ್ಥಾಯಿಯೊಳಗೆ ಮುಗಿಯುತ್ತದೆ, ಬಹುಪಾಲು ಐದು ಸ್ವರಗಳ ಸುತ್ತಲೇ ತಿರುಗುತ್ತದೆ. ನನ್ನ ಕಿವಿಗೆ ನಮ್ಮ ಶುದ್ಧ ಧನ್ಯಾಸಿಯ ಪಕ್ಕದ ಮನೆಯಂತೆ ಕೇಳಿಸಿತು. ಕಪಾಟಿನಲ್ಲಿದ್ದ ಸುಲಭದ ಅರೇಂಜ್‌ಮೆಂಟ್ ಸಿ ಮೈನರ್‌ನಲ್ಲಿತ್ತು. ಅಂದರೆ ಆಲ್ಟೋ ಹುಡುಗನ ಹಾಳೆಯಲ್ಲಿ ಎ ಮೈನರ್, ಗುರುತಿಗೆ ಒಂದೂ ಶಾರ್ಪ್ ಇಲ್ಲ, ಫ್ಲಾಟ್ ಇಲ್ಲ.

ಹಾಡು ಸಿಕ್ಕಿತು, ಹುಡುಗ ಎಲ್ಲಿ? ಮೇಷ್ಟ್ರು ಅವನ ಅಮ್ಮನಿಗೆ ಫೋನ್ ಮಾಡಿದರು. ಶಾಲೆಯ ವಾದ್ಯವನ್ನು ವಾಪಸ್ ಕೊಡಲೆಂದೇ ಅವನು ಬಂದ. ಅಲ್ಲಿನ ಮಕ್ಕಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಮೊದಮೊದಲು ಅದು ನನಗೆ ಕಸಿವಿಸಿ. ಅಂದು ಅವನು ಹೆಸರನ್ನೂ ಹೇಳಲಿಲ್ಲ, ಮುಖವನ್ನೂ ನೋಡಲಿಲ್ಲ.

‘ತಪ್ಪು ನಿಂದಲ್ಲ. ನಿನಗೆ ಹೊಂದದ ಹಾಡನ್ನು ನಾನು ಆರಿಸಿದ್ದೆ’ ಎಂದೆ. ದೊಡ್ಡವರು ಹೀಗೆ ಹೇಳಿದ್ದನ್ನು ಅವನು ಕೇಳಿರಲಿಲ್ಲವೋ ಏನೋ, ತಲೆ ಎತ್ತಿದ. ನಾನು ಮಾತು ಮುಂದುವರಿಸದೆ ನನ್ನ ಆಲ್ಟೋ ತೆಗೆದು ‘ಸಮ್ಮರ್‌ಟೈಮ್’ ನುಡಿಸಿದೆ. ‘ಇದು ಒಪೆರಾದಲ್ಲಿ ತಾಯಿ ಹಾಡುವ ಜೋಗುಳ. ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?’ ಎಂದು ಕೇಳಿದೆ. ಎಂಟು ತಿಂಗಳ ತಂಗಿ ಇದ್ದಾಳೆ ಎಂದ. ‘ವಾದ್ಯ ಇನ್ನೊಂದು ವಾರ ಇಟ್ಟುಕೋ. ಅವಳು ಮಲಗಿರುವಾಗ ಪಕ್ಕದ ಕೋಣೆಯಲ್ಲಿ ಇದನ್ನು ನುಡಿಸು. ಅವಳು ಏಳಬಾರದು, ಅಷ್ಟೇ ಷರತ್ತು.’

ಹೇಳುವಾಗಲೇ ನನ್ನ ಗುರುಗಳ ನೆನಪಾಯಿತು. ದೇವಸ್ಥಾನದಲ್ಲಿ ನುಡಿಸುತ್ತಿದ್ದ ಅವರು ನನಗೆ ತಿಂಗಳುಗಟ್ಟಲೆ ಷಡ್ಜ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಕೀರ್ತನೆ ಯಾವಾಗ ಎಂದು ಕೇಳಿದರೆ, ‘ಮೊದಲು ಒಂದು ಸ್ವರ ನಿಲ್ಲಿಸು ಮಾರಾಯ’ ಎನ್ನುತ್ತಿದ್ದರು. ಅಷ್ಟು ತಾಳ್ಮೆಯಿಂದ ಕಲಿತವನು ಕಲಿಸಲು ಕೂತಾಗ ಅದನ್ನೇ ಮರೆತಿದ್ದೆ.

ಮುಂದಿನ ವಾರ ಹುಡುಗ ಬಂದ. ‘ಮೂರು ಸಲ ಎದ್ದಳು, ನಾಲ್ಕನೇ ಸಲ ಏಳಲಿಲ್ಲ’ ಎಂದ.

ಅಭ್ಯಾಸ ಶುರುವಾಯಿತು. ಪ್ರತಿದಿನ ಮೊದಲ ಐದು ನಿಮಿಷ ಎಲ್ಲರೂ ಒಂದೇ ಸ್ವರ ಹಿಡಿಯುವುದು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದು. ಸ್ವರ ಶುರು ಮಾಡುವುದು ಮಾತ್ರವಲ್ಲ, ಎಲ್ಲರೂ ಒಟ್ಟಿಗೆ ನಿಲ್ಲಿಸುವುದನ್ನೂ ಕಲಿತರು. ಪಿಯಾನೊ ಹುಡುಗಿಗೆ ಮೇಷ್ಟ್ರು ಎಡಗೈಯ ತಳದ ಸ್ವರಗಳನ್ನು ಬಿಡಿಸಿದರು. ಅದು ಬೇಸ್‌ನವನ ಕೆಲಸ, ಇಬ್ಬರೂ ಮಾಡಿದರೆ ಕೆಸರಾಗುತ್ತದೆ ಎಂದರು. ಡ್ರಮ್ಸ್ ಹುಡುಗನ ಕೋಲು ತೆಗೆದು ತಂತಿಯ ಬ್ರಷ್ ಕೊಟ್ಟರು. ಸ್ನೇರ್ ಡ್ರಮ್ಮಿನ ಮೇಲೆ ದೋಸೆ ಹುಯ್ದಂತೆ ಸುತ್ತಿಸಬೇಕು ಎಂದು ನಾನು ಹೇಳಲು ಹೋಗಿ, ಅವನಿಗೆ ದೋಸೆ ಗೊತ್ತಿಲ್ಲ ಎಂದು ನೆನಪಾಗಿ ಸುಮ್ಮನಾದೆ.

ಆದರೂ ಅವನು ಓಡುತ್ತಿದ್ದ. ಎರಡು ತಾಳಗಳ ನಡುವಿನ ಖಾಲಿ ಜಾಗ ಅವನಿಗೆ ಭಯ ಹುಟ್ಟಿಸುತ್ತಿತ್ತು. ನಮ್ಮದೊಂದು ಉಪಾಯ ಮಾಡಿದೆ. ಪ್ರತಿ ತಾಳಕ್ಕೂ ಮನಸ್ಸಿನಲ್ಲಿ ‘ತಕಿಟ’ ಎಂದುಕೊಳ್ಳಬೇಕು, ಬಾರ್‌ಗೆ ನಾಲ್ಕು ತಕಿಟ. ಬ್ಯಾಲಡ್‌ನ ಒಳನಡೆ ಎಷ್ಟೋ ಸಲ ಹೀಗೆ ಮೂರರಲ್ಲೇ ಇರುತ್ತದೆ, ನಮ್ಮ ತಿಸ್ರ ನಡೆಯ ಹಾಗೆ. ಮರುದಿನದಿಂದ ಊಟದ ಸಾಲಿನಲ್ಲೂ 14 ಮಕ್ಕಳು ತಕಿಟ ತಕಿಟ ಎನ್ನುತ್ತಿದ್ದರು. ಖಾಲಿ ಜಾಗ ತುಂಬಿತು, ಓಟ ನಿಂತಿತು.

ಏಪ್ರಿಲ್ ಕಛೇರಿ. ಹಾಡು ಶುರುವಾಯಿತು. ಎಲ್ಲವೂ ಸರಿಯಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಟ್ರೊಂಬೋನ್ ಶ್ರುತಿ ಸ್ವಲ್ಪ ತಗ್ಗಿತ್ತು. ಡ್ರಮ್ಸ್ ಹುಡುಗ ಒಂದು ಕಡೆ ಓಡಲು ಹೊರಟು, ತುಟಿ ಅಲ್ಲಾಡಿಸುತ್ತಾ ವಾಪಸ್ ಬಂದ. ಆಲ್ಟೋ ಹುಡುಗ ಎದ್ದು ನಿಂತ. ಹದಿನಾರು ಬಾರ್. ಬರೆದಿದ್ದಕ್ಕಿಂತ ಒಂದು ಸ್ವರವೂ ಹೆಚ್ಚಿಲ್ಲ. ಕೊನೆಯ ದೀರ್ಘ ಸ್ವರ ಹಿಡಿದಾಗ ಸಭಾಂಗಣದಲ್ಲಿ ಕುರ್ಚಿ ಕಿರುಗುಟ್ಟುವುದೂ ಕೇಳಿಸಲಿಲ್ಲ. ಮೂರನೇ ಸಾಲಿನಲ್ಲಿ ಅವನ ಅಮ್ಮ ಮೊಬೈಲ್ ಎತ್ತಲೇ ಇಲ್ಲ, ಅವರ ಮಡಿಲಲ್ಲಿ ಮಗು ಮಲಗಿತ್ತು.

ಈಗ ಓದು ಮುಗಿಸಿ ನಾನೂ ಕೆಲಸ ಹುಡುಕುತ್ತಿದ್ದೇನೆ. ಸಂದರ್ಶನಕ್ಕೆ ಹೋಗುವ ಮುನ್ನ ರೆಸ್ಯೂಮೆ ತೆರೆದು, ಇದರಲ್ಲಿ ಯಾವುದು ನಿಜಕ್ಕೂ ನನಗೆ ಬರುತ್ತದೆ, ಯಾವುದು ಬರೀ ಕಿವಿಯಲ್ಲಿರುವ ರೆಕಾರ್ಡು ಎಂದು ನೋಡಿಕೊಳ್ಳುತ್ತೇನೆ. ಎರಡು ಸಾಲು ಅಳಿಸಿದ್ದೇನೆ. ಉಳಿದಿರುವುದರ ಬಗ್ಗೆ ಏನು ಕೇಳಿದರೂ ಹೆದರಿಕೆಯಿಲ್ಲ.

ಕಛೇರಿ ಮುಗಿದ ಮೇಲೆ ಆ ಹುಡುಗ ಕಪಾಟಿನ ಹತ್ತಿರ ಬಂದು, ‘ಡಿಸೆಂಬರ್‌ನ ಆ ಹಾಡಿನ ನನ್ನ ಹಾಳೆ ಇದೆಯಾ?’ ಎಂದು ಕೇಳಿದ. ಯಾಕೆ ಎಂದೆ. ‘ಈಗಲ್ಲ. ಹೈಸ್ಕೂಲಿಗೆ ಹೋದ ಮೇಲೆ’ ಎಂದ. ಹುಡುಕಿ ಕೊಟ್ಟೆ. ಐದು ಶಾರ್ಪ್‌ಗಳಿದ್ದ ಜಾಗಕ್ಕೆ ಅವನು ಆಗಲೇ ಪೆನ್ಸಿಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿದ್ದ. ಹಾಳೆಯನ್ನು ಮಡಚಿ ವಾದ್ಯದ ಪೆಟ್ಟಿಗೆಯಲ್ಲಿಟ್ಟು, ನನ್ನ ಹೆಸರು ಹಿಡಿದು ಕರೆದು, ‘ಸೋಮವಾರ ಸಿಗೋಣ’ ಎಂದು ಹೊರಟ.