ಪ್ಲಾಸ್ಟಿಕ್ ಸರ್ಜರಿಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ಬಹುಪಾಲು ಜನರಿಗೆ ನೆನಪಾಗುವುದು ಚಿತ್ರನಟಿಯರ ಮೂಗು, ತುಟಿ. ಆದರೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಈ ಚಿಕಿತ್ಸೆಯ ಅಗತ್ಯ ಬೀಳುವವರೇ ಬೇರೆ. ರೇಷ್ಮೆ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಿಸಿನೀರಿನ ಬೇಸಿನ್‌ನಲ್ಲಿ ಕೈಯಿಟ್ಟು ಎಳೆ ಹುಡುಕುವ ನೂಲು ಬಿಚ್ಚಾಣಿಕೆ ಕಾರ್ಮಿಕರು, ಸ್ನಾನಕ್ಕೆ ಕಾಯಿಸಿದ ನೀರನ್ನು ಮೈಮೇಲೆ ಎಳೆದುಕೊಂಡ ಮಕ್ಕಳು, ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟ ರೈತರು, ಸೀಳುತುಟಿಯೊಂದಿಗೆ ಹುಟ್ಟಿದ ಶಿಶುಗಳು ಇವರಲ್ಲಿ ಸೇರುತ್ತಾರೆ. ಇವರ ಪಾಲಿಗೆ ಇದು ಅಂದದ ಪ್ರಶ್ನೆಯಲ್ಲ, ದುಡಿಯುವ ಕೈಯನ್ನು ಉಳಿಸಿಕೊಳ್ಳುವ ಪ್ರಶ್ನೆ.

ಈ ಚಿಕಿತ್ಸೆಯಲ್ಲಿ ದೇಹದೊಳಗೆ ಪ್ಲಾಸ್ಟಿಕ್ ಇಡುತ್ತಾರೆ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಇಲ್ಲಿನ ‘ಪ್ಲಾಸ್ಟಿಕ್’ ಎಂಬುದು ಆಕಾರ ಕೊಡುವುದು ಎಂಬ ಅರ್ಥದ ಗ್ರೀಕ್ ಮೂಲದ ಮಾತು. ಕೊಡಗಳಿಗೂ ಚೀಲಗಳಿಗೂ ಆ ಹೆಸರು ಬಂದದ್ದು ಎಷ್ಟೋ ತಡವಾಗಿ. ವಿದ್ಯೆಯೂ ಹೊರಗಿನಿಂದ ಬಂದದ್ದಲ್ಲ. ತುಂಡಾದ ಮೂಗನ್ನು ಮತ್ತೆ ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಸೆರೆಸಿಕ್ಕು ಮೂಗು ಕಳೆದುಕೊಂಡನು. ಪುಣೆಯ ಕಡೆಯ ದೇಶೀ ಶಸ್ತ್ರಚಿಕಿತ್ಸಕನೊಬ್ಬನು ಆತನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಮಾಡಿಕೊಟ್ಟ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಓದಿ ಅಭ್ಯಾಸ ಮಾಡಿದ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಅಲ್ಲಿ ಅದೇ ಶಸ್ತ್ರಚಿಕಿತ್ಸೆ ನಡೆಸಿದರು. ಇಂದಿಗೂ ತತ್ತ್ವ ಅದೇ: ರೋಗಿಯ ದೇಹದ ಒಂದು ಭಾಗದ ಚರ್ಮ ಇನ್ನೊಂದು ಭಾಗಕ್ಕೆ ಆಸರೆಯಾಗುತ್ತದೆ.

ಸುಟ್ಟ ಗಾಯದ ವಿಷಯವನ್ನು ತುಸು ವಿವರವಾಗಿ ತಿಳಿಯುವುದು ಅಗತ್ಯ. ಬಿಸಿನೀರು ಬಿದ್ದ ಕೂಡಲೇ ಗಾಯವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಅವಘಡವಾಗಿ ಮೂರು ಗಂಟೆಯೊಳಗೆ ಹೀಗೆ ಮಾಡಿದರೂ ಪ್ರಯೋಜನವುಂಟು. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಟೂತ್‌ಪೇಸ್ಟ್, ಇಂಕು, ಅರಿಶಿನ, ಸೀಮೆಎಣ್ಣೆ ಯಾವುದನ್ನೂ ಹಚ್ಚಬಾರದು. ಮಂಜುಗಡ್ಡೆಯನ್ನೂ ನೇರವಾಗಿ ಇಡಬಾರದು. ನೋವಿಲ್ಲದ ಗಾಯ ಸಣ್ಣದೆಂದು ತಿಳಿಯುವುದು ಅಪಾಯಕಾರಿ. ಚರ್ಮದ ಪೂರ್ಣ ಆಳ ಸುಟ್ಟಾಗ ನರತುದಿಗಳೂ ಸುಟ್ಟಿರುವುದರಿಂದ ಅಲ್ಲಿ ನೋವು ತಿಳಿಯುವುದಿಲ್ಲ.

ಮೂರು ವಾರಗಳಲ್ಲಿ ಮಾಯದ ಗಾಯ ದಪ್ಪ ಕಲೆಯಾಗುವ ಸಂಭವ ಹೆಚ್ಚು. ಆ ಕಲೆ ನಿಧಾನವಾಗಿ ಕುಗ್ಗುತ್ತಾ ಬೆರಳುಗಳನ್ನು ಅಂಗೈಯೊಳಕ್ಕೆ, ಗದ್ದವನ್ನು ಎದೆಯ ಕಡೆಗೆ, ಮೊಣಕೈಯನ್ನು ಮಡಿಕೆಯ ಕಡೆಗೆ ಎಳೆಯುತ್ತದೆ. ವೈದ್ಯರು ಇದನ್ನು ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ‘ಗಾಯ ಮಾಯಿತಲ್ಲ’ ಎಂದು ಮನೆಯವರು ನಿಶ್ಚಿಂತರಾಗಿರುವ ತಿಂಗಳುಗಳಲ್ಲೇ ಬೆರಳು ಮಡಿಚಿಕೊಳ್ಳುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಒಳಗಿನ ಕೀಲು, ಸ್ನಾಯು, ನರಗಳೂ ಗಿಡ್ಡವಾಗಿ, ಶಸ್ತ್ರಚಿಕಿತ್ಸೆಯಿಂದಲೂ ಪೂರ್ಣ ಚಲನೆ ಮರಳುವುದು ಕಷ್ಟ. ಆದ್ದರಿಂದ ಬೆರಳು ನೇರವಾಗುತ್ತಿಲ್ಲ ಎಂಬುದು ಕಂಡ ಕೂಡಲೇ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು.

ಶಸ್ತ್ರಚಿಕಿತ್ಸೆಯಲ್ಲಿ ಬಿಗಿದ ಕಲೆಯನ್ನು ಬಿಡಿಸಿ, ತೆರೆದ ಜಾಗಕ್ಕೆ ಸಾಮಾನ್ಯವಾಗಿ ತೊಡೆಯಿಂದ ತೆಗೆದ ತೆಳು ಚರ್ಮವನ್ನು ಕಸಿ ಮಾಡುತ್ತಾರೆ. ಹೀಗಾಗಿ ರೋಗಿಗೆ ಒಂದರ ಬದಲು ಎರಡು ಗಾಯಗಳಾಗುತ್ತವೆ. ತೊಡೆಯ ಗಾಯ ಮಾಯಲು ಸುಮಾರು ಎರಡು ವಾರ ಬೇಕು, ಮೊದಲ ದಿನಗಳಲ್ಲಿ ಕೈಗಿಂತ ಅಲ್ಲಿಯೇ ಹೆಚ್ಚು ನೋಯುವುದುಂಟು. ಇದನ್ನು ಮೊದಲೇ ತಿಳಿಯದ ರೋಗಿ ಗಾಬರಿಯಾಗುತ್ತಾನೆ. ಕಸಿ ಹಿಡಿಯುವ ಮೊದಲ ಐದಾರು ದಿನ ಆ ಭಾಗ ಅಲುಗಾಡಬಾರದು.

ಬಹಳ ಕಡೆ ಚಿಕಿತ್ಸೆ ಸೋಲುವುದು ಇದರ ಅನಂತರ. ಕಸಿ ಮಾಡಿದ ಚರ್ಮಕ್ಕೂ ಕುಗ್ಗುವ ಸ್ವಭಾವವಿದೆ. ಅದನ್ನು ತಡೆಯಲು ಬೆರಳುಗಳನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಎಂಬ ಆಸರೆಪಟ್ಟಿ, ದಿನದ ಬಹುಪಾಲು ಧರಿಸಬೇಕಾದ ಬಿಗಿ ಕೈಗವಸು, ಎಣ್ಣೆ ಹಚ್ಚಿ ನೀವುವುದು ಹಾಗೂ ಫಿಸಿಯೋಥೆರಪಿ ತಿಂಗಳುಗಟ್ಟಲೆ ನಡೆಯಬೇಕು. ಕಲೆ ಪಕ್ವವಾಗಲು ಒಂದರಿಂದ ಎರಡು ವರ್ಷ ಹಿಡಿಯಬಹುದು. ದಿನಗೂಲಿ ಕಾರ್ಮಿಕರು ಎರಡನೇ ತಿಂಗಳಲ್ಲೇ ಬೇಸಿನ್ ಮುಂದೆ ಕುಳಿತರೆ ಬೆರಳು ಮತ್ತೆ ಮಡಿಚುವುದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ದೂಷಿಸುವುದು ಸುಲಭ, ಆದರೆ ಮನೆಯ ಒಲೆ ಉರಿಯುವುದು ಆ ಕೂಲಿಯಿಂದಲೇ. ಆದಕಾರಣ ಶಸ್ತ್ರಚಿಕಿತ್ಸೆಯ ದಿನಾಂಕ ಪಡೆಯುವ ಮುನ್ನವೇ ಕುಟುಂಬದವರು ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ದಿನ ಕೆಲಸ ಬಿಡಬೇಕು, ಎಷ್ಟು ಬಾರಿ ಬೆಂಗಳೂರಿಗೆ ಬರಬೇಕು, ವ್ಯಾಯಾಮವನ್ನು ಚಿಕ್ಕಬಳ್ಳಾಪುರದಲ್ಲೇ ಮಾಡಿಸಿಕೊಳ್ಳಬಹುದೇ? ಗೂಡಿನ ಆವಕ ಕಡಿಮೆಯಿರುವ ಕಾಲಕ್ಕೆ ಶಸ್ತ್ರಚಿಕಿತ್ಸೆ ಹೊಂದಿಸಿಕೊಳ್ಳುವಂತೆ ವೈದ್ಯರನ್ನು ಕೋರುವುದರಲ್ಲಿ ತಪ್ಪೇನೂ ಇಲ್ಲ. ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು: ಮಗು ಬೆಳೆದಂತೆ ಕಲೆಯ ಚರ್ಮ ಅಷ್ಟೇ ಬೆಳೆಯುವುದಿಲ್ಲವಾದ್ದರಿಂದ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇದು ಮೊದಲ ವೈದ್ಯರ ಲೋಪವಲ್ಲ.

ಬೆರಳು ತುಂಡಾದಲ್ಲಿ ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನೊಂದಿಗೇ ಕಳುಹಿಸಬೇಕು. ತುಂಡು ನೇರವಾಗಿ ಮಂಜುಗಡ್ಡೆಗೆ ತಗುಲಬಾರದು. ಹೊರಡುವ ಮುನ್ನವೇ ಆಸ್ಪತ್ರೆಗೆ ದೂರವಾಣಿ ಮಾಡಿ, ಬೆರಳು ಮರುಜೋಡಿಸುವ ಸೌಲಭ್ಯವಿದೆಯೇ ಎಂದು ಖಚಿತಪಡಿಸಿಕೊಂಡರೆ ಅಮೂಲ್ಯ ಸಮಯ ಉಳಿಯುತ್ತದೆ.

ಸೀಳುತುಟಿಗೆ ಗ್ರಹಣ ಕಾರಣವಲ್ಲ, ತಾಯಿಯ ತಪ್ಪೂ ಅಲ್ಲ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳ ವಯಸ್ಸಿನಲ್ಲಿ, ಅಂಗುಳದ್ದನ್ನು 9ರಿಂದ 18 ತಿಂಗಳೊಳಗೆ ಮಾಡುತ್ತಾರೆ. ಅಂಗುಳದ ವಿಷಯದಲ್ಲಿ ತಡವಾದರೆ ಮಗುವಿನ ಮಾತು ಮೂಗಿನ ಮಾತಾಗಿಯೇ ಉಳಿಯಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ತಂಡ ಇಂತಹ ಮಕ್ಕಳನ್ನು ಗುರುತಿಸಿ ಚಿಕಿತ್ಸೆಗೆ ಕಳುಹಿಸುತ್ತದೆ.

ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತಹೀನತೆ, ಔಷಧಿಯ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಮುಚ್ಚಿಡಬಾರದು. ಬೀಡಿ, ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು. ಹೊಗೆಯಿಂದ ಸಣ್ಣ ರಕ್ತನಾಳಗಳು ಕುಗ್ಗಿ, ಹೊಸದಾಗಿ ಕೂಡಿಸಿದ ಚರ್ಮ ಸಾಯುವ ಅಪಾಯವಿದೆ. ಕಿವಿ ಚುಚ್ಚಿಸಿದಲ್ಲಿ ಅಥವಾ ಹಳೆಯ ಗಾಯದಲ್ಲಿ ಗಂಟಿನಂತೆ ಕಲೆ ಬೆಳೆದಿದ್ದರೆ ಅದನ್ನು ಅವಶ್ಯವಾಗಿ ತಿಳಿಸಬೇಕು. ಕೆಲಾಯ್ಡ್ ಎಂಬ ಈ ಪ್ರವೃತ್ತಿ ಉಳ್ಳವರಲ್ಲಿ ಕಲೆ ತೆಗೆಯಲು ಹೋಗಿ ಇನ್ನೂ ದೊಡ್ಡ ಕಲೆಯಾಗುವುದುಂಟು. ಕಲೆಯೇ ಇಲ್ಲದಂತೆ ಮಾಡುತ್ತೇವೆಂಬ ಭರವಸೆಯನ್ನಂತೂ ನಂಬಲಾಗದು. ಚರ್ಮ ಕತ್ತರಿಸಿದಲ್ಲಿ ಕಲೆ ಉಳಿದೇ ಉಳಿಯುತ್ತದೆ, ಅದನ್ನು ತೆಳುವಾಗಿಸಬಹುದಷ್ಟೆ.

ಅಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯೂ ಶಸ್ತ್ರಚಿಕಿತ್ಸೆಯೇ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಂಡ ಯುವ ಕಿರುತೆರೆ ನಟಿಯೊಬ್ಬರು ಮೃತಪಟ್ಟದ್ದನ್ನು ಅನೇಕರು ಮರೆತಿರಲಾರರು. ಮದುವೆಗೆ ಮುನ್ನ ಕಲೆ ತೆಗೆಸಲು, ಕೂದಲು ನಾಟಿ ಮಾಡಿಸಲು ಜಾಹೀರಾತು ನೋಡಿ ಹೊರಡುವ ಯುವಕ ಯುವತಿಯರು ವೈದ್ಯರ ಅರ್ಹತೆಯನ್ನು ಕೇಳಿ ತಿಳಿಯಬೇಕು. ಪ್ಲಾಸ್ಟಿಕ್ ಸರ್ಜನ್ ಆದವರು ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪದವಿಯನ್ನು ಆ ವಿಷಯದಲ್ಲಿಯೇ ಪಡೆದಿರುತ್ತಾರೆ; ‘ಕಾಸ್ಮೆಟಿಕ್ ತಜ್ಞ’ ಎಂಬ ಫಲಕ ಅದಕ್ಕೆ ಸಮವಲ್ಲ. ಅರಿವಳಿಕೆ ತಜ್ಞರು ಇರುವರೇ, ತೊಂದರೆಯಾದಲ್ಲಿ ತೀವ್ರ ನಿಗಾ ಘಟಕ ಅಲ್ಲಿಯೇ ಇದೆಯೇ ಎಂಬುದನ್ನೂ ಕೇಳಬೇಕು. ಕೇಳಿದರೆ ಬೇಸರಿಸುವ ಆಸ್ಪತ್ರೆಯಿಂದ ಎದ್ದು ಬರುವುದೇ ಲೇಸು.

ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ಮಾರ್ಗ, ಚಿಕಿತ್ಸೆ ಮಾಡಿಸದಿದ್ದರೆ ಆಗುವುದೇನು ಎಂಬುದನ್ನು ರೋಗಿಗೆ ಅರ್ಥವಾಗುವಂತೆ ವಿವರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ, ಗಡಿಭಾಗದವರಾದರೆ ತೆಲುಗಿನಲ್ಲಿ ಓದಿ ಹೇಳುವಂತೆ ಕೇಳಬಹುದು.

ವೆಚ್ಚದ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ನೆರವು ದೊರೆಯುತ್ತದೆ. ಸುಟ್ಟ ಗಾಯದ ಚಿಕಿತ್ಸೆ ಇದರಲ್ಲಿ ಸೇರಿದೆ. ಕೇವಲ ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಸೇರಿಲ್ಲ. ತುರ್ತು ಸಂದರ್ಭ ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪತ್ರವಿಲ್ಲದೆ ಹೋಗಿ ಹಿಂದಿರುಗಿದರೆ ದಿನವೂ ಬಸ್ ಖರ್ಚೂ ವ್ಯರ್ಥ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಹಾಬೋಧಿ ಸುಟ್ಟಗಾಯಗಳ ಕೇಂದ್ರವಿದ್ದು, ಚರ್ಮ ಬ್ಯಾಂಕ್ ಸಹ ಇದೆ. ದಾನದ ಚರ್ಮ ದೊಡ್ಡ ಗಾಯಗಳಿಗೆ ತಾತ್ಕಾಲಿಕ ಹೊದಿಕೆಯಾಗಿ ಜೀವ ಉಳಿಸುತ್ತದೆ. ಶಾಶ್ವತ ಕಸಿಗೆ ರೋಗಿಯ ಸ್ವಂತ ಚರ್ಮವೇ ಆಗಬೇಕು.

ಆಧಾರ್, ಪಡಿತರ ಚೀಟಿ, ಶಿಫಾರಸು ಪತ್ರ, ಹಳೆಯ ಚೀಟಿಗಳು ಮತ್ತು ಬಿಡುಗಡೆ ಪತ್ರವನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು. ಯೋಜನೆಯ ಮಾಹಿತಿಗೆ 104, ಆಂಬ್ಯುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು. ಖಾಸಗಿ ಆಸ್ಪತ್ರೆಯ ನೋಂದಣಿ, ದರ ಅಥವಾ ಚಿಕಿತ್ಸೆಯ ಬಗ್ಗೆ ದೂರಿದ್ದಲ್ಲಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಆಸ್ಪತ್ರೆ ಇರುವ ಜಿಲ್ಲೆಯ ಪ್ರಾಧಿಕಾರಕ್ಕೇ ದೂರು ಹೋಗಬೇಕು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದವರು ಚಿಕ್ಕಬಳ್ಳಾಪುರದಲ್ಲಿ ಅರ್ಜಿ ಕೊಟ್ಟು ಕಾಯುತ್ತಾ ಕೂರಬಾರದು.